ತೆಗೆಯಬೇಕಾದ ಪಾಠ

ಮೊದಲೇ ಹೇಳಿಬಿಡುತ್ತೇನೆ, ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ನಾನೇ. ನಾಳೆ ಬೇರೆಯವರ ಬಾಯಿಂದ ಕೇಳಿ, ‘ಅಯ್ಯೋ, ಇವಳೇನಾ!’ ಎನ್ನುವುದು ಬೇಡ. ಸರ್ಕಾರಿ ಶಾಲೆಯ ಎದುರಿಗೆ ಜೆರಾಕ್ಸ್ ಅಂಗಡಿ ಇಟ್ಟು ಹದಿನೆಂಟು ವರ್ಷವಾಯಿತು. ಊರಿನ ಅರ್ಜಿ, ಜಾತಕ, ಕೋರ್ಟಿನ ಕಾಗದ ಎಲ್ಲವೂ ನನ್ನ ಮೆಷಿನ್ನಿನ ಗಾಜಿನ ಮೇಲೆ ಬೋರಲು ಬಿದ್ದು ಎದ್ದಂಥವೇ. ಹಾಗಾಗಿ ಊರಿನ ಗುಟ್ಟೆಲ್ಲ ನನಗೆ ಗೊತ್ತು. ನನ್ನ ಗುಟ್ಟೊಂದು ಮಾತ್ರ ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದೆ.

ಗುಟ್ಟು ಇಷ್ಟೇ: ನನ್ನ ಜೊತೆಗಿರುವ ನರ್ಸಮ್ಮ ನನ್ನ ತಂಗಿಯಲ್ಲ. ಇಪ್ಪತ್ತು ವರ್ಷದ ಹಿಂದೆ ಬಾಡಿಗೆಮನೆ ಕೇಳಲು ಹೋದಾಗ ಮಾಲೀಕರು, “ಅಕ್ಕ-ತಂಗೀನಾ?” ಎಂದರು. ನಾನು “ಹೂಂ” ಎಂದೆ. ಆ ಒಂದು ಹೂಂ ಮೇಲೆ ಇಷ್ಟು ವರ್ಷ ಸಂಸಾರ ಮಾಡಿದೆವು. ನಿಜವಾದ ತಂಗಿಯೊಬ್ಬಳು ನನಗಿದ್ದಳು, ತೀರಿಕೊಂಡಳು. ಅವಳ ಮಗಳು ಎರಡು ವರ್ಷದವಳಿದ್ದಾಗಿನಿಂದ ನಮ್ಮಲ್ಲೇ ಬೆಳೆದಳು. ನನ್ನನ್ನು ದೊಡ್ಡಮ್ಮ ಎನ್ನುತ್ತಾಳೆ, ನರ್ಸಮ್ಮನನ್ನು ಚಿಕ್ಕಮ್ಮ. ಈಗ ಹನ್ನೊಂದು ತುಂಬಿ ಆರನೇ ತರಗತಿಯಲ್ಲಿದ್ದಾಳೆ.

ಒಂದು ಸೋಮವಾರ ಟೀಚರು ‘ನಮ್ಮ ಮನೆ’ ಎಂದು ಹತ್ತು ಸಾಲು ಬರೆಸಿದರು. ನಮ್ಮ ಹುಡುಗಿ ಎದ್ದುನಿಂತು ಗಟ್ಟಿಯಾಗಿ ಓದಿದಳು: “ನಮ್ಮ ಮನೆಯಲ್ಲಿ ದೊಡ್ಡಮ್ಮ, ಚಿಕ್ಕಮ್ಮ ಮತ್ತು ನಾನು ಇದ್ದೇವೆ. ಅವರು ಅಕ್ಕ-ತಂಗಿ ಅಲ್ಲ. ಗಂಡ-ಹೆಂಡತಿ ಇದ್ದ ಹಾಗೆ ಇದ್ದಾರೆ. ಆದರೆ ಗಂಡ ಇಲ್ಲ. ಇಬ್ಬರೂ ಹೆಂಡತಿಯರೇ. ಜಗಳ ಬಹಳ.” ಹಿಂದಿನ ಬೆಂಚಿನಲ್ಲಿ ಒಬ್ಬ ಹುಡುಗ ಕಿಸಕ್ಕೆಂದು ನಕ್ಕ. ಟೀಚರು, “ಅಂಥ ಮನೆಗಳೂ ಇರ್ತವೆ ಕಣೋ, ನಗೋದೇನಿದೆ? ಗಣಿತದ ಪುಸ್ತಕ ತೆಗೀರಿ” ಎಂದರು. ಎಲ್ಲರೂ ಗಣಿತದ ಪುಸ್ತಕ ತೆಗೆದರು. ನಡೆದದ್ದು ಇಷ್ಟೇ.

ನಕ್ಕ ಹುಡುಗನ ಅಪ್ಪ ಹಾರ್ಡ್‌ವೇರ್ ಅಂಗಡಿಯವನು, ಬೆನ್ನ ಹಿಂದೆ ಎಲ್ಲರೂ ಮೀಸೆ ಎನ್ನುತ್ತೇವೆ. ಅವನೇ ಪೋಷಕರ ಸಮಿತಿಯ ಅಧ್ಯಕ್ಷ. ಸಂಜೆ ಯಾವುದೋ ಕಾಗದದ ನೆಪ ಹಿಡಿದು ನನ್ನ ಅಂಗಡಿಗೆ ಬಂದ.

“ಅಕ್ಕಾ, ನಿಮ್ಮ ಹುಡುಗಿ ಕ್ಲಾಸಲ್ಲಿ ಏನೇನೋ ಓದಿದಳಂತೆ?”

“ಮಕ್ಕಳ ಮಾತು ಬಿಡಿ,” ಎಂದೆ.

“ಅಲ್ಲಾ, ಆ ವಯಸ್ಸಿಗೆ ಅಂಥದ್ದೆಲ್ಲ ಹೇಗೆ ಗೊತ್ತಾಗತ್ತೆ? ಯಾರೋ ಹೇಳಿಕೊಟ್ಟಿರಬೇಕಲ್ಲ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. “ನಂಗೇನು ಗೊತ್ತು? ಶಾಲೇಲೇ ಏನಾದ್ರೂ ಹೇಳಿಕೊಟ್ಟಿರಬೇಕು,” ಎಂದುಬಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮೀಸೆ ಆ ಮಾತನ್ನು ಜೇಬಿಗೆ ಹಾಕಿಕೊಂಡು ಹೊರಟೇಹೋದ.

ನಮ್ಮ ಜನ ಗೊತ್ತಲ್ಲ, ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರು. ಮಂಗಳವಾರಕ್ಕೆ ಟೀಚರು ಅಂಥದೊಂದು ಪಾಠ ಮಾಡಿದರು ಎಂದಾಯಿತು. ಗುರುವಾರದ ಹೊತ್ತಿಗೆ ಆ ಪಾಠಕ್ಕೆ ಚಿತ್ರಗಳೂ ಇದ್ದವಂತೆ. ಶುಕ್ರವಾರ ಅರವತ್ತು ಜನರ ಸಹಿಯ ಮನವಿ ತಯಾರಾಯಿತು: ಆ ಪಾಠ ತೆಗೆಯಬೇಕು, ಆ ಟೀಚರನ್ನು ವರ್ಗ ಮಾಡಬೇಕು. ಅದನ್ನು ಜೆರಾಕ್ಸ್ ಮಾಡಿಕೊಟ್ಟದ್ದು ಯಾರು? ನಾನೇ. ಐದು ಪ್ರತಿ, ಪಿನ್ನು ಹೊಡೆದು ಕೊಟ್ಟೆ.

ಆ ಸಂಜೆ ಹುಡುಗಿ ಊಟದ ತಟ್ಟೆಯ ಮುಂದೆ ಕೂತು ಕೇಳಿದಳು, “ದೊಡ್ಡಮ್ಮ, ನಾನು ಸುಳ್ಳು ಬರೆದ್ನಾ?”

“ಇಲ್ಲ ಪುಟ್ಟಾ.”

“ಹಾಗಾದ್ರೆ ಟೀಚರ್ ಯಾಕೆ ಹೋಗಬೇಕು?”

ನರ್ಸಮ್ಮ ನನ್ನ ಮುಖ ನೋಡಿದಳು. ಅವಳ ಹತ್ತಿರ ನಾನು ಏನನ್ನೂ ಮುಚ್ಚಿಡಲಾರೆ, ಎಲ್ಲ ಹೇಳಿದೆ. “ಊರಿನವರಿಗೆಲ್ಲ ಹೊಲಿಗೆ ಹಾಕಿದೀನಿ, ನಿನ್ನ ಬಾಯಿಗೊಂದು ಹಾಕೋದು ಮರೆತೆ ನೋಡು,” ಎಂದವಳೇ ದಿಂಬು ಎತ್ತಿಕೊಂಡು ಹುಡುಗಿಯ ಕೋಣೆಗೆ ಹೋದಳು. ಅಂದಿನಿಂದ ನನ್ನ ಜೊತೆ ಮಾತು ಬಂದ್. “ಉಪ್ಪು ಈ ಕಡೆ ತಳ್ಳೋಕೆ ಹೇಳೇ ನಿನ್ನ ದೊಡ್ಡಮ್ಮಂಗೆ,” ಎನ್ನುತ್ತಿದ್ದಳು, ನಾನು ಮೊಳ ದೂರದಲ್ಲೇ ಕೂತಿದ್ದರೂ.

ಹೋಗಿ ನಿಜ ಹೇಳಿಬಿಡಬಾರದಿತ್ತೇ ಎಂದು ನೀವು ಕೇಳಬಹುದು. ಕೇಳುವುದು ಸುಲಭ. ಮೂರು ಸಲ ಶಾಲೆಯ ಗೇಟಿನವರೆಗೆ ಹೋಗಿ, ಮೂರು ಸಲವೂ ಸೀಮೆಸುಣ್ಣ ಬೇಕಿತ್ತಾ ಎಂದು ಕೇಳಿ, ಒಂದು ಡಬ್ಬಿ ಮಾರಿ ವಾಪಸ್ ಬಂದೆ. ಹೆದರಿಕೆ ಸ್ವಾಮಿ, ಶುದ್ಧ ಹೆದರಿಕೆ.

ಅಷ್ಟರಲ್ಲಿ ಮೇಲಿನ ಕಚೇರಿಯಿಂದ ಉತ್ತರ ಬಂತು. ‘ತೆಗೆಯಬೇಕಾದ ಪಾಠದ ಎರಡು ಪ್ರತಿಗಳನ್ನು ಲಗತ್ತಿಸಿ ಕಳುಹಿಸತಕ್ಕದ್ದು. ತಪ್ಪಿದಲ್ಲಿ ಕ್ರಮ ಜರುಗಿಸಲಾಗುವುದು.’ ಹೆಡ್‌ಮಾಸ್ಟರು ಬೆವರಿಬಿಟ್ಟರು. ಅವರ ನಿವೃತ್ತಿಗೆ ಇನ್ನು ನಾಲ್ಕೇ ತಿಂಗಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಮೂವತ್ತು ವರ್ಷ ನೌಕರಿ ಮಾಡಿದ ಮನುಷ್ಯ.

“ನಾನು ಪಾಠಾನೇ ಮಾಡಿಲ್ವಲ್ಲ ಸಾರ್,” ಎಂದರು ಟೀಚರು. “ಒಂದು ಮಾತು ಹೇಳಿದೆ. ಅದನ್ನ ಎಲ್ಲಿಂದ ತೆಗೀತೀರಿ?”

“ಮಾಡಿದೀರಮ್ಮ. ಮಗು ಮನೆಯವರೇ ಹೇಳಿದಾರೆ,” ಎಂದ ಮೀಸೆ. ನನ್ನ ಹೆಸರು ಮಾತ್ರ ಹೇಳಲಿಲ್ಲವಂತೆ, ದೊಡ್ಡ ಮನಸ್ಸು.

ಕೊನೆಗೆ ಹೆಡ್‌ಮಾಸ್ಟರೇ ಉಪಾಯ ಹೂಡಿದರು. ತೆಗೆಯುವುದಕ್ಕಾದರೂ ಒಂದು ಪಾಠ ಬೇಕಲ್ಲ? ಸಮಿತಿಯವರೇ ಕೂತು, ಟೀಚರು ಏನು ಕಲಿಸಿರಬಹುದೆಂದು ಊಹಿಸಿ, ಒಂದು ಪಾಠ ಬರೆಯುವುದು. ಬರೆದ ಮೇಲೆ ತೆಗೆಯುವುದು. ಶನಿವಾರ ಮಧ್ಯಾಹ್ನ, ಆರನೇ ತರಗತಿಯ ಕೋಣೆಯಲ್ಲಿ. ಟೈಪ್ ಮಾಡಲು ಲ್ಯಾಪ್‌ಟಾಪು ಇರುವವರು ಬೇಕು. ಇಡೀ ಬೀದಿಗೆ ಲ್ಯಾಪ್‌ಟಾಪು ಇದ್ದದ್ದು ನನ್ನ ಹತ್ತಿರ.

ಹನ್ನೊಂದು ವರ್ಷದ ಮಕ್ಕಳ ಬೆಂಚಿನಲ್ಲಿ ದೊಡ್ಡವರು ಕೂತರೆ ಹೇಗಿರುತ್ತದೆಂದು ನೀವು ನೋಡಬೇಕಿತ್ತು. ಮೀಸೆಯ ಮಂಡಿ ಗದ್ದಕ್ಕೆ ತಾಗುತ್ತಿತ್ತು. ಅವನ ಪಕ್ಕದಲ್ಲಿ ಶಾಲೆಯ ಸಮವಸ್ತ್ರ ಹೊಲಿಯುವ ದರ್ಜಿ ಅಜ್ಜಿ, ಮೊಮ್ಮಗನ ಪರವಾಗಿ ಬಂದವಳು. ಮೀಸೆ ಗಂಟಲು ಸರಿಮಾಡಿಕೊಂಡು ಶುರುಮಾಡಿದ. “ಬರ್ಕೊಳ್ಳಿ. ಕೆಲವು ಗಂಡಸರು ಗಂಡಸರನ್ನೇ ಬಯಸುತ್ತಾರೆ.”

“ಬಯಸುತ್ತಾರೆ ಬೇಡ,” ಎಂದಳು ಅಜ್ಜಿ. “ಮಕ್ಕಳಿಗೆ ಅರ್ಥ ಆಗಲ್ಲ. ಪ್ರೀತಿಸುತ್ತಾರೆ ಅಂತ ಹಾಕು.”

“ಅಜ್ಜಿ, ಇದು ತೆಗೆಯೋ ಪಾಠ!”

“ತೆಗೆಯೋದಾದ್ರೂ ನೆಟ್ಟಗಿರಲಿ ಬಿಡಪ್ಪ. ಹಳೇ ಬಟ್ಟೇನೂ ಮಡಚಿ ಕೊಟ್ಟರೇ ಚೆಂದ.”

ನಾನು ‘ಪ್ರೀತಿಸುತ್ತಾರೆ’ ಎಂದು ಟೈಪ್ ಮಾಡಿದೆ. ಮೊದಲ ಶನಿವಾರ ಒಂದು ಪುಟವಾಯಿತು. ಎರಡನೆಯ ಶನಿವಾರ ಜನ ಇನ್ನೂ ಜಾಸ್ತಿ ಬಂದರು, ಅರ್ಧ ಜನ ಬೈಯಲು, ಅರ್ಧ ಜನ ಕೇಳಲು. ಹುಡುಗನಾಗಿ ಹುಟ್ಟಿ ಹುಡುಗಿ ಎನ್ನಿಸಿದರೆ ಏನು ಮಾಡಬೇಕೆಂದು ಒಬ್ಬರು ಕೇಳಿದರು. ಅದಕ್ಕೆ ಮೀಸೆಯೇ, “ಹೊಡೀಬಾರದು ಅಂತ ಹಾಕಿ. ಹೊಡೆದರೆ ಶಾಲೆಗೇ ಕೆಟ್ಟ ಹೆಸರು,” ಎಂದ. ಅಜ್ಜಿ ತನ್ನ ಸೋದರಮಾವನ ಕಥೆ ತೆಗೆದಳು. ಗಡಿಯಾರ ರಿಪೇರಿಯವನೊಬ್ಬನ ಜೊತೆ ಆತ ನಲವತ್ತು ವರ್ಷ ಒಂದೇ ಮನೆಯಲ್ಲಿದ್ದನಂತೆ, ಊರೆಲ್ಲ ಅವರನ್ನು ಪಾಲುದಾರರು ಎನ್ನುತ್ತಿತ್ತಂತೆ. ಗಡಿಯಾರದವನು ಸತ್ತ ಎಂಟನೇ ದಿನಕ್ಕೆ ಮಾವನೂ ಹೋದನಂತೆ.

“ಆಮೇಲೆ?” ಎಂದ ಮೀಸೆ.

“ಸತ್ತ ಮೇಲೆ ಇನ್ನೇನಪ್ಪ ಆಮೇಲೆ?” ಎಂದಳು ಅಜ್ಜಿ.

ಆ ಕಥೆಯೂ ಪಾಠಕ್ಕೆ ಸೇರಿತು. ಪಾಠ ಎಂದ ಮೇಲೆ ಪ್ರಶ್ನೆ ಬೇಡವೇ ಎಂದು ಹೆಡ್‌ಮಾಸ್ಟರು ಕೊನೆಗೆ ಐದು ಬಿಟ್ಟ ಸ್ಥಳದ ಪ್ರಶ್ನೆ ಸೇರಿಸಿದರು. ಟೀಚರು ಕಪ್ಪುಹಲಗೆಯ ಪಕ್ಕ ನಿಂತು ಎಲ್ಲವನ್ನೂ ನೋಡುತ್ತಿದ್ದರು. ನಗು ತಡೆಯಲು ಕೆಳತುಟಿ ಕಚ್ಚಿಕೊಂಡಿದ್ದರು. ಆದರೆ ಅವರ ಚೀಲದ ಬಾಯಲ್ಲಿ ಒಂದು ಕಾಗದ ಇಣುಕುತ್ತಿತ್ತು. ವರ್ಗದ ಆದೇಶ ಬಂದರೆ ಬಾಡಿಗೆಮನೆ ಬಿಡುತ್ತೇನೆಂದು ಮಾಲೀಕರಿಗೆ ಬರೆದದ್ದು. ಬೆಳಿಗ್ಗೆ ನನ್ನಲ್ಲೇ ಜೆರಾಕ್ಸ್ ಮಾಡಿಸಿದ್ದರು. ನಾನು ಹಣ ತೆಗೆದುಕೊಳ್ಳಲಿಲ್ಲ. ಅಷ್ಟೇ ನನ್ನ ಕೈಲಾದದ್ದು, ಥೂ.

ಮೂರನೆಯ ಶನಿವಾರ ನರ್ಸಮ್ಮನೂ ಬಂದಳು. ಡ್ಯೂಟಿಯ ಸೀರೆಯಲ್ಲೇ ಬಂದು ಕಡೆಯ ಬೆಂಚಿನಲ್ಲಿ ಕೂತಳು. ಊರಿನ ಅರ್ಧ ಜನ ಸೂಜಿಗೆ ಹೆದರಿ ಅವಳ ಮುಂದೆ ಬೋರಲು ಮಲಗಿದವರೇ, ಹಾಗಾಗಿ ಎಲ್ಲರೂ ಸ್ವಲ್ಪ ಸರಿದು ಜಾಗ ಕೊಟ್ಟರು. ಹುಡುಗಿ ಹೊರಗೆ ಕಿಟಕಿಯ ಸರಳು ಹಿಡಿದು ನಿಂತಿದ್ದಳು.

“ಇನ್ನು ಕಡೇ ಸಾಲು,” ಎಂದ ಮೀಸೆ. ಪಾಠದ ಮೇಲೆ ಅವನಿಗೆ ಸ್ವಲ್ಪ ಮೋಹವೇ ಬಂದಂತಿತ್ತು, ಆದರೂ ಹಿಡಿದ ಪಟ್ಟು ಬಿಡುವಂತಿರಲಿಲ್ಲ. “ಬರೀರಿ ಅಕ್ಕಾ. ನಮ್ಮ ಊರಿನಲ್ಲಿ ಇಂಥ ಮನೆ ಒಂದೂ ಇಲ್ಲ. ಇದನ್ನು ಮಗುವಿನ ತಲೆಗೆ ತುಂಬಿದ್ದು ಶಿಕ್ಷಕಿಯೇ.”

‘ನಮ್ಮ ಊರಿನಲ್ಲಿ’ ಎಂದು ಟೈಪ್ ಮಾಡಿದೆ. ಬೆರಳು ಮುಂದಕ್ಕೆ ಹೋಗಲಿಲ್ಲ.

“ಏನಾಯ್ತು?” ಎಂದರು ಹೆಡ್‌ಮಾಸ್ಟರು.

“ಮೆಷಿನ್ ಕೈಕೊಡ್ತು ಸಾರ್.”

“ಮೆಷಿನ್ ಸರಿಯಾಗೇ ಇದೆ,” ಎಂದು ಹಿಂದಿನಿಂದ ದನಿ ಬಂತು. “ಕೆಟ್ಟಿರೋದು ಅವಳ ಬಾಯಿ.” ನರ್ಸಮ್ಮ ಎದ್ದುನಿಂತಿದ್ದಳು. ಬೆಂಚಿನ ಸಂದಿಯಲ್ಲಿ ಸೆರಗು ಸಿಕ್ಕಿತ್ತು, ಎಳೆದು ಬಿಡಿಸಿಕೊಂಡಳು. “ಹೆಡ್‌ಮಾಸ್ಟರೇ, ಬರ್ಕೊಳ್ಳಿ. ನಾನು ಇವಳ ತಂಗಿಯಲ್ಲ. ಇಂಥ ಅಕ್ಕ ಇದ್ದಿದ್ರೆ ಎಂದೋ ಮನೆಬಿಟ್ಟು ಓಡಿಹೋಗ್ತಿದ್ದೆ. ಇಪ್ಪತ್ತು ವರ್ಷದಿಂದ ಹೋಗದೆ ಇದೀನಲ್ಲ, ಅದಕ್ಕೆ ಏನಂತಾರೋ ಅದೇ ನಾನು.”

ಯಾರೋ ನಕ್ಕರು. ಆಮೇಲೆ ಯಾರೂ ನಗಲಿಲ್ಲ. ಹೆಡ್‌ಮಾಸ್ಟರು ಕನ್ನಡಕ ತೆಗೆದು ನನ್ನ ಕಡೆ ತಿರುಗಿ, “ನಿಜವೇನಮ್ಮ?” ಎಂದರು.

ನಾನು ಬಾಯಿ ತೆರೆಯುವ ಮೊದಲೇ ಮೀಸೆ ಮೆಲ್ಲಗೆ ಹೇಳಿದ, “ಅಕ್ಕಾ, ಸುಮ್ನಿರಿ. ನಮಗೆ ಗೊತ್ತಿಲ್ಲ ಅಂದ್ಕೊಂಡ್ರಾ? ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ್ರೆ ಊರೆಲ್ಲ ಕಣ್ಣು ಮುಚ್ಚಿರತ್ತಾ? ಅಕ್ಕ-ತಂಗಿ ಅಂತಾನೇ ಇದ್ದುಬಿಡಿ, ನಾವೂ ಹಾಗೇ ಅಂತೀವಿ. ಯಾರಿಗೂ ತೊಂದ್ರೆ ಇಲ್ಲ.”

ಅವನು ಅದನ್ನು ಕೆಟ್ಟದ್ದಕ್ಕೆ ಹೇಳಲಿಲ್ಲ, ಅದೇ ಕಷ್ಟ. ಒಂದು ಸುಳ್ಳನ್ನು ಹೊಸ ಸೀರೆಯ ಹಾಗೆ ಮಡಚಿ ನನ್ನ ಕೈಗಿಡುತ್ತಿದ್ದ. ತೆಗೆದುಕೊಂಡರೆ ನನಗೇನೂ ಆಗುತ್ತಿರಲಿಲ್ಲ. ಟೀಚರು ಹೋಗುತ್ತಿದ್ದರು, ಹುಡುಗಿ ಸುಳ್ಳುಬುರುಕಿಯಾಗುತ್ತಿದ್ದಳು. ಸಿಟ್ಟು ಬಂತು. ಎಲ್ಲ ನನ್ನ ಮೇಲೇ.

“ನಿಜ ಸಾರ್,” ಎಂದೆ. “ಹುಡುಗಿ ಬರೆದದ್ದೆಲ್ಲ ನಿಜ. ಜಗಳ ಬಹಳ ಅನ್ನೋದೂ ನಿಜ. ಟೀಚರು ಏನೂ ಕಲಿಸಿಲ್ಲ. ಶಾಲೇಲಿ ಕಲಿತಳು ಅಂತ ಮೀಸೆಯವರ ಹತ್ತಿರ ಸುಳ್ಳು ಹೇಳಿದ್ದು ನಾನು. ಹೆದರಿಕೊಂಡು ಹೇಳಿದೆ. ಅವರನ್ನ ವರ್ಗ ಮಾಡೋದಾದ್ರೆ ಮೊದಲು ನನ್ನನ್ನ ಎಲ್ಲಿಗಾದ್ರೂ ವರ್ಗ ಮಾಡಿ.”

ಮುಖದ ಮೇಲೆಯೇ ‘ಮೀಸೆಯವರು’ ಎಂದುಬಿಟ್ಟಿದ್ದೆ, ಆದರೆ ಅದಕ್ಕೆ ಅವನು ಸಿಟ್ಟಾಗಲಿಲ್ಲ. ದರ್ಜಿ ಅಜ್ಜಿ ಸೊಂಟ ಹಿಡಿದುಕೊಂಡು ಎದ್ದಳು. “ಮಕ್ಕಳು ಈ ಕೋಣೇಲಿ ಇದನ್ನ ಮಾತಾಡಿದ್ರೆ ಕೆಟ್ಟುಹೋಗ್ತಾರೆ ಅಂತ ತಾನೇ ಗಲಾಟೆ? ಮೂರು ವಾರದಿಂದ ನಾವು ಇದೇ ಕೋಣೇಲಿ ಇದನ್ನೇ ಮಾತಾಡ್ತಾ ಇದೀವಿ. ಸೊಂಟ ಹಿಡಿದದ್ದು ಬಿಟ್ರೆ ನಂಗೇನೂ ಆಗಿಲ್ಲ. ನಿಮಗೆ?”

ಹೆಡ್‌ಮಾಸ್ಟರು ಸಿಕ್ಕ ದಾರಿಯನ್ನು ಬಿಡುವವರಲ್ಲ. ತಕ್ಷಣ ಒಂದು ಸಾಲು ಹೇಳಿ ಬರೆಸಿದರು: ‘ವಿಚಾರಿಸಲಾಗಿ, ತೆಗೆಯತಕ್ಕ ಪಾಠ ಯಾವುದೂ ಕಂಡುಬಂದಿರುವುದಿಲ್ಲ.’ ಹನ್ನೊಂದು ಜನ ಸಹಿ ಹಾಕಿದರು. ಮೀಸೆ ಹಾಕಲಿಲ್ಲ, ಅವನ ಹಿಂದೆ ಇನ್ನೂ ಆರು ಜನ ಎದ್ದುಹೋದರು. ಟೀಚರು ಉಳಿದರು. ನನ್ನನ್ನು ಅವರು ಕ್ಷಮಿಸಿದರೋ ಇಲ್ಲವೋ ಗೊತ್ತಿಲ್ಲ. ನನ್ನ ಮುಂದೆ ಹಾದು ಹೋಗಿ ಹುಡುಗಿಯ ತಲೆ ಸವರಿ, “ಸೋಮವಾರ ಗಣಿತ ಪರೀಕ್ಷೆ, ಓದ್ಕೊಂಡು ಬಾ,” ಎಂದರು.

ಮೂವರೂ ರಸ್ತೆ ದಾಟುತ್ತಿದ್ದೆವು. ಹುಡುಗಿ ಚಿಕ್ಕಮ್ಮನ ಕೈ ಹಿಡಿದಿದ್ದಳು. ನನ್ನದು ಹಿಡಿದಿರಲಿಲ್ಲ. ನಡುರಸ್ತೆಯಲ್ಲಿ ನಿಂತು ನನ್ನ ಕಡೆ ತಿರುಗಿದಳು.

“ನಾನು ಒಂದೇ ಉಸಿರಿಗೆ ಓದಿಬಿಟ್ಟೆ ದೊಡ್ಡಮ್ಮ. ನಿಂಗ್ಯಾಕೆ ಇಷ್ಟು ಹೊತ್ತು ಬೇಕಾಯ್ತು?”

ಎರಡೂ ಕಡೆಯಿಂದ ಗಾಡಿಗಳು ಹಾರ್ನ್ ಹೊಡೆಯುತ್ತಿದ್ದವು, ನಾನು ಅಲ್ಲೇ ನಿಂತು ಅಳುತ್ತಿದ್ದೆ.

“ಅವಳಿಗೆ ಉತ್ತರ ಬರಲ್ವಂತೆ ಪುಟ್ಟಾ,” ಎಂದಳು ನರ್ಸಮ್ಮ. ಆಮೇಲೆ, ತಿಂಗಳ ಮೇಲೆ ಮೊದಲ ಸಲ, ನೇರ ನನಗೇ ಹೇಳಿದಳು, “ಬಾರೇ ಈ ಕಡೆ, ಗಾಡಿ ಬರ್ತಿದೆ.”