ಒಲೆಯ ಮೇಲೆ ಬಿಟ್ಟುಹೋದ ಹಾಲು

ಸದಾಶಿವಯ್ಯನವರು ಹಳೆಯ ಮಿಲಿಟರಿ ಆಂಬುಲೆನ್ಸ್ ಒಂದನ್ನು ಹರಾಜಿನಲ್ಲಿ ಹಿಡಿದು ಲಕ್ಷ್ಮೀಪುರಂನ ತಮ್ಮ ಮನೆಯ ಮುಂದೆ ತಂದು ನಿಲ್ಲಿಸಿದ ದಿನ, ಬೀದಿಯವರಿಗೆಲ್ಲ ಅವರ ತಲೆ ಕೆಟ್ಟಿರಬೇಕು ಅನ್ನಿಸಿತು. ಬಸ್ಸುಗಳಿಗೆ ಬಾಡಿ ಕಟ್ಟುವ ಶೆಡ್ಡು ನಡೆಸುವವರಿಗೆ ಈ ತಗಡಿನ ಗೂಡು ಯಾಕೆ ಬೇಕು? ಪಕ್ಕದ ಮನೆಯ ಪುಟ್ಟತಾಯಮ್ಮ ಕಾಂಪೌಂಡಿನ ಮೇಲಿಂದ ಇಣುಕಿ, "ಏನ್ ನೀಲಮ್ಮೋರೆ, ಯಾರಿಗಾದ್ರೂ ಹುಷಾರಿಲ್ವಾ?" ಎಂದು ಗಾಬರಿಯಿಂದ ಕೇಳಿದರು. ನೀಲಮ್ಮ ಆಗಲೇ ಸೆರಗು ಸೊಂಟಕ್ಕೆ ಸಿಕ್ಕಿಸಿ ವ್ಯಾನಿನೊಳಗೆ ಹತ್ತಿದ್ದಳು. ಎದ್ದು ನಿಂತರೆ ತಲೆ ತಾಗುವುದಿಲ್ಲ. ಕಾಲು ಚಾಚಿ ಮಲಗಬಹುದು. ಅಷ್ಟು ಸಾಕಾಗಿತ್ತು ಅವಳಿಗೆ.

ಮಳೆ ತೊಳೆದುಹೋದ ತಿಳಿ ಬೆಳಗಿನಲ್ಲಿ ಚಾಮುಂಡಿ ಬೆಟ್ಟದ ಮೇಲೆ ನಿಂತರೆ ದಕ್ಷಿಣದ ಕಡೆ, ಆಕಾಶದ ಅಂಚಿನಲ್ಲಿ, ನೀಲಿಯ ಒಂದು ಗೆರೆ ಕಾಣುತ್ತದೆ. ಮದುವೆಯಾಗಿ ಮೈಸೂರಿಗೆ ಬಂದ ಹೊಸತರಲ್ಲಿ ನೀಲಮ್ಮ ಅದನ್ನು ಕಂಡು, "ಅಲ್ಲಿ ಯಾರಿರ್ತಾರ್ರೀ?" ಎಂದು ಗಂಡನನ್ನು ಕೇಳಿದ್ದಳು. "ನೀಲಗಿರಿ ಕಣೇ ಅದು. ಯಾರೋ ಇರ್ತಾರೆ" ಎಂದಿದ್ದರು ಅವರು. ಆ 'ಯಾರೋ' ಅವಳ ತಲೆಯಲ್ಲಿ ಕೂತುಬಿಟ್ಟಿತು. ಮಗಳು ಶಾರದ ಹುಟ್ಟಿ, ಬೆಳೆದು, ಗಂಡನ ಮನೆ ಸೇರಿದರೂ ಅದು ಅಲ್ಲಿಂದ ಎದ್ದಿರಲಿಲ್ಲ.

ಊಟಿಗೆ ಬಸ್ಸಿತ್ತು. ಅಡ್ಡಿಯಾಗಿದ್ದವನು ದಫೇದಾರ. ಅವನೊಂದು ಕಂದು ಬಣ್ಣದ, ಒಂದು ಕಿವಿ ಮಡಿಚಿದ ನಾಯಿ. ಸದಾಶಿವಯ್ಯನವರು ಬೆಳಿಗ್ಗೆ ಶೆಡ್ಡಿಗೆ ಹೊರಟರೆ, ಸಾಹೇಬರ ಮುಂದೆ ದಫೇದಾರ ನಡೆಯುವ ಠೀವಿಯಲ್ಲಿ ತಾನು ಮುಂದೆ ನಡೆಯುತ್ತಿದ್ದ. ಅದಕ್ಕೇ ಆ ಹೆಸರು. ಒಮ್ಮೆ ಇವರು ಮದುವೆಗೆಂದು ತಿಪಟೂರಿಗೆ ಹೋಗಿ ಬರುವಷ್ಟರಲ್ಲಿ ಅವನು ಪುಟ್ಟತಾಯಮ್ಮನವರು ಹಾಕಿದ ಮುದ್ದೆಯನ್ನು ಮೂಸಿಯೂ ನೋಡದೆ ಗೇಟಿನ ಬಳಿ ಬಿದ್ದುಕೊಂಡಿದ್ದ. ನಾಯಿಯನ್ನು ಬಸ್ಸಿಗೆ ಹತ್ತಿಸಿಕೊಳ್ಳುವವರಿಲ್ಲ, ಲಾಡ್ಜಿಗೆ ಸೇರಿಸುವವರಿಲ್ಲ. "ಮನೇನೇ ತಗೊಂಡು ಹೋಗೋ ಹಂಗಿದ್ರೆ ಹೋಗ್ಬೋದಿತ್ತು" ಎಂದು ನೀಲಮ್ಮ ಒಂದು ದಿನ ಸುಮ್ಮನೆ ಅಂದಿದ್ದಳು. ಸದಾಶಿವಯ್ಯನವರು ಮಾತಾಡುವುದು ಕಡಿಮೆ. ಆದರೆ ಕೇಳಿಸಿಕೊಂಡದ್ದನ್ನು ಬಿಡುವವರಲ್ಲ.

ಶೆಡ್ಡಿನಲ್ಲಿ ಬಿಡುವಾದಾಗಲೆಲ್ಲ ಅವರು ವ್ಯಾನಿಗೆ ಕೈ ಹಾಕಿದರು. ಹಗಲು ಕೂರುವ ಬೆಂಚು, ಎಳೆದರೆ ಮಂಚ. ಮೂಲೆಯಲ್ಲಿ ಪಂಪ್ ಸ್ಟೌವಿಗೆ ಕಟ್ಟೆ. ತಿರುವಿನಲ್ಲಿ ಡಬ್ಬಗಳು ಉರುಳದಂತೆ ಗೂಡಿಗೆ ಅಡ್ಡಪಟ್ಟಿ. ಕಿಟಕಿಗೆ ನೀಲಮ್ಮನ ಹಳೆಯ ಸೀರೆಯ ಪರದೆ. ದಫೇದಾರನಿಗೆ ಬಾಗಿಲ ಪಕ್ಕ ಗೋಣಿತಾಟು. ವ್ಯಾನಿನ ಪಕ್ಕೆಯ ಮೇಲಿದ್ದ ಆಸ್ಪತ್ರೆಯ ಕೆಂಪು ಗುರುತಿನ ಮೇಲೆ ಹಸಿರು ಬಣ್ಣ ಬಳಿದಾಗ, ಅದುವರೆಗೆ ನಗುತ್ತಿದ್ದ ಬೀದಿಯವರೇ ಸಾಲಾಗಿ ಬಂದು ಒಳಗೆ ಹತ್ತಿ ಇಳಿದರು.

ಚಳಿ ಕಡಿಮೆಯಾದ ಮೇಲೆ ಹೊರಟರು. ನಂಜನಗೂಡು, ಗುಂಡ್ಲುಪೇಟೆ ದಾಟಿ, ಬಂಡೀಪುರದ ಕಾಡು ದಾಟಿ, ಗೂಡಲೂರಿನಿಂದ ಮೇಲೆ ವ್ಯಾನು ಏದುಸಿರು ಬಿಡುತ್ತ ಹತ್ತಿತು. ರೇಡಿಯೇಟರು ಕುದಿದಾಗಲೆಲ್ಲ ನಿಲ್ಲಿಸಬೇಕು. ನಿಲ್ಲಿಸಿದಲ್ಲೆಲ್ಲ ನೀಲಮ್ಮ ಇಳಿದು, ಎಲೆ ಹರಿದು ಮೂಸುವಳು, ಕಲ್ಲು ಮುಟ್ಟಿ ನೋಡುವಳು. ಊಟಿ ತಲುಪಿ ಕೆರೆಯ ಹತ್ತಿರ ವ್ಯಾನು ನಿಲ್ಲಿಸಿದರೆ ಅಲ್ಲಿಯ ಜನ ಇವರನ್ನು ನೋಡಲು ಬಂದರು. ಇವಳು ಅವರನ್ನು ನೋಡಲು ಇಳಿದಳು. ಮನೆಗಳ ಮೇಲೆ ಹೊಗೆಯ ಗೂಡು ಯಾಕಿದೆ, ಈ ಕೆಂಪು ಮೂಲಂಗಿಯಂಥದನ್ನು ಹೇಗೆ ತಿನ್ನುತ್ತಾರೆ, ಅಷ್ಟು ಪುಟ್ಟ ರೈಲು ಬೆಟ್ಟದಿಂದ ಜಾರುವುದಿಲ್ಲವೇ, ಎಲ್ಲವನ್ನೂ ಕೇಳಿದಳು. ಅರ್ಧ ಜನಕ್ಕೆ ಅವಳ ಭಾಷೆ ತಿಳಿಯಲಿಲ್ಲ, ಅವಳಿಗೆ ಅವರ ತಮಿಳು ತಿಳಿಯಲಿಲ್ಲ. ಕೈಸನ್ನೆಯಲ್ಲೇ ವ್ಯವಹಾರ ಸಾಗಿತು. ಆದರೂ ಅವಳಿಗೆ ಒಳಗೊಳಗೇ ಏನೋ ಕೊರತೆ.

"ಇವರೆಲ್ಲ ಬೇರೆ ಕಡೆಯಿಂದ ಬಂದೋರು ಕಣ್ರೀ," ಎಂದಳು ಗಂಡನಿಗೆ. "ನಾನು ಕೇಳಿದ್ದು ಇಲ್ಲೇ ಇರೋರನ್ನ."

ಮಾರನೆಯ ಬೆಳಿಗ್ಗೆ ಸದಾಶಿವಯ್ಯನವರು ಊರ ಹೊರಗಿನ ಒಂದು ಮಣ್ಣು ರಸ್ತೆಗೆ ವ್ಯಾನು ತಿರುಗಿಸಿದರು. ಎರಡೂ ಕಡೆ ಆಲೂಗೆಡ್ಡೆಯ ಹೊಲ, ಮೇಲೆ ಹುಲ್ಲುಗುಡ್ಡ. ಉಪ್ಪಿಟ್ಟಿಗೆ ನೀರು ಕುದಿಯುತ್ತಿರುವಾಗ ಮಂಜು ಇಳಿಯಿತು. ಆ ಮಂಜಿನೊಳಗಿನಿಂದ ಎಮ್ಮೆಗಳ ಗಂಟೆಯ ಸದ್ದು ಬಂತು. ದಫೇದಾರ ಮಡಿಚಿದ ಕಿವಿಯನ್ನೂ ನೆಟ್ಟಗೆ ಮಾಡಿ, ಒಂದೇ ನೆಗೆತಕ್ಕೆ ಇಳಿದು ಮಾಯವಾದ.

ಕೂಗಿದರು. ಉತ್ತರವಿಲ್ಲ. ಕಾಡು ಹತ್ತಿರ, ಚಿರತೆ ಇರುವ ಜಾಗ ಎಂದು ಪೇಟೆಯಲ್ಲಿ ಯಾರೋ ಸನ್ನೆ ಮಾಡಿ ತೋರಿಸಿದ್ದರು. ಇಬ್ಬರೂ ಗಂಟೆಯ ಸದ್ದಿನ ಜಾಡು ಹಿಡಿದು ಗುಡ್ಡ ಹತ್ತಿದರು. ಮಂಜು ಸ್ವಲ್ಪ ಹರಿದಾಗ ಎದುರಿಗೆ ಒಂದೇ ಸಾಲಿನಲ್ಲಿ, ಒಂದಕ್ಕೊಂದು ಗೋಡೆ ಅಂಟಿಸಿಕೊಂಡ ಮನೆಗಳು ಕಂಡವು. ಕೊನೆಯ ಮನೆಯ ಅಂಗಳದಲ್ಲಿ ಬಿಳಿ ಬಟ್ಟೆ ಉಟ್ಟು, ತಲೆಗೂ ಬಿಳಿ ಬಟ್ಟೆ ಕಟ್ಟಿದ್ದ ಮುದುಕಿಯೊಬ್ಬಳು ಕುಕ್ಕರಗಾಲಲ್ಲಿ ಕೂತಿದ್ದಳು. ಅವಳ ಮುಂದೆ ದಫೇದಾರ ಒಡೆದ ಮಡಕೆಯಿಂದ ಮಜ್ಜಿಗೆ ಕುಡಿಯುತ್ತಿದ್ದ.

ಮುದುಕಿ ತಲೆಯೆತ್ತಿದಳು. "ನಿಂಗ ಯಾವ ಸೀಮೆ?"

ನೀಲಮ್ಮ ಬೆರಗಾಗಿ ನಿಂತಳು. ಕನ್ನಡವೇ, ಆದರೆ ಎಲ್ಲೋ ಅಟ್ಟದ ಮೇಲೆ ಬಹುಕಾಲ ಇಟ್ಟು ಈಗ ಇಳಿಸಿದಂಥ ಕನ್ನಡ. "ಮೈಸೂರು, ಅಜ್ಜಿ" ಎಂದಳು.

ಮುದುಕಿಯ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಎದ್ದು ಹತ್ತಿರ ಬಂದು ನೀಲಮ್ಮನ ಮುಖ ನೋಡಿದಳು. ಕೊರಳಿನಲ್ಲಿ ತೂಗುತ್ತಿದ್ದ ಬೆಳ್ಳಿಯ ಕರಡಿಗೆ ನೋಡಿದಳು. ಆಮೇಲೆ ತನ್ನ ಎದೆಯ ಬಟ್ಟೆ ಸರಿಸಿ, ಅರಿವೆಯಲ್ಲಿ ಸುತ್ತಿ ಕಟ್ಟಿಕೊಂಡಿದ್ದ ಲಿಂಗವನ್ನು ತೋರಿಸಿದಳು. ನೀಲಮ್ಮ ಬಾಗಿದಳು. ಮುದುಕಿ ಅವಳ ತಲೆಯ ಮೇಲೆ ಕೈಯಿಟ್ಟು, ಒಂದು ಒಂಬತ್ತಾಗಲಿ ಎಂದು ಹರಸಿದಳು.

ಅವಳ ಹೆಸರು ಗಿರಿಜಿ. ನೀಲಗಿರಿಯ ಹಳೆಯ ಒಕ್ಕಲಾದ ಬಡಗರವಳು. ಆ ಹಟ್ಟಿಯವರೆಲ್ಲ ಅವಳನ್ನು ಹೆತ್ತೆ ಎನ್ನುತ್ತಿದ್ದರು. ಹಾಗೆಂದರೆ ಅಜ್ಜಿ ಎಂದು ನೀಲಮ್ಮನಿಗೆ ಬೇಗ ತಿಳಿಯಿತು. ಒಲೆಯ ಮುಂದೆ ಕೂರಿಸಿ ಬಿಸಿ ಹಾಲು ಕೊಟ್ಟು ಹೆತ್ತೆ ತನ್ನ ಹಿರಿಯರ ಕಥೆ ಹೇಳಿದಳು. ಒಂದಾನೊಂದು ಕಾಲಕ್ಕೆ ಅವರೂ ಮೈಸೂರು ಸೀಮೆಯ ಬಯಲಿನಲ್ಲಿದ್ದವರು. ಅಣ್ಣತಮ್ಮಂದಿರ ನಡುವೆ ಒಬ್ಬಳೇ ತಂಗಿ, ಚೆಲುವೆ. ಊರಾಳುವ ದೊರೆಯ ಕಣ್ಣು ಅವಳ ಮೇಲೆ ಬಿತ್ತು. ಕೊಡಲು ಒಪ್ಪದ ಅಣ್ಣಂದಿರು ಮನೆಯಲ್ಲಿ ದೀಪ ಹಚ್ಚಿಟ್ಟು, ಒಲೆಯ ಮೇಲೆ ಹಾಲಿಟ್ಟು, ಒಳಗೆ ಜನ ಇದ್ದಾರೆ ಅನ್ನಿಸುವ ಹಾಗೆ ಮಾಡಿ, ಹಿತ್ತಿಲಿನಿಂದ ತಂಗಿಯನ್ನು ಕರೆದುಕೊಂಡು ಹೊರಟು ಬೆಟ್ಟ ಹತ್ತಿದರು.

"ಈ ಕಥೆ ಕೇಳಿ ಕೇಳಿ ಬೆಳೆದೆ," ಎಂದಳು ಹೆತ್ತೆ. "ಬೆಟ್ಟ ಹತ್ತಿದ ಮೇಲೆ ಆದದ್ದೆಲ್ಲ ಎಂಗಳಿಗೆ ಗೊತ್ತು. ಅಲ್ಲಿ ಬಿಟ್ಟು ಬಂದದ್ದು ಏನಾಯಿತು? ಆ ಹಾಲು ಯಾರು ಇಳಿಸಿದರು? ಕೇಳಿದರೆ ಎಂಗ ಅವ್ವೆ ನಕ್ಕುಬಿಡೋಳು."

ನೀಲಮ್ಮ ನಗಲಿಲ್ಲ. ತಾನೇ ಆದರೂ ಅದನ್ನೇ ಕೇಳುತ್ತಿದ್ದೆ ಅನ್ನಿಸಿತು ಅವಳಿಗೆ.

ಹೆತ್ತೆಗೆ ಮೈಸೂರು ನೋಡುವ ಆಸೆ ಇಂದು ನಿನ್ನೆಯದಲ್ಲ. ಬೆಳ್ಳಿ ಎಂಬ ಅವಳ ಮಗ ಹೊಲದಿಂದ ಬಂದವನು ನಗುತ್ತ ಹೇಳಿದ: ಒಮ್ಮೆ ಬಸ್ಸಿಗೆ ಹತ್ತಿಸಿದ್ದನಂತೆ, ಎರಡು ತಿರುವು ಕಳೆಯುವಷ್ಟರಲ್ಲಿ ಹೊಟ್ಟೆ ತೊಳಸಿ, ಬಸ್ಸು ನಿಲ್ಲಿಸಿ ಇಳಿದು, ನಡೆದೇ ಮನೆಗೆ ಬಂದಳಂತೆ.

ಸದಾಶಿವಯ್ಯನವರು ಅದುವರೆಗೆ ಮನೆಯ ಬಾಗಿಲಿನ ಮರಗೆಲಸ ನೋಡುತ್ತ ಕೂತಿದ್ದವರು, "ನಮ್ಮ ಗಾಡೀಲಿ ಮಲಗಿಕೊಂಡೇ ಬರಬಹುದು. ಬೇಕೆಂದ ಕಡೆ ನಿಲ್ಲಿಸ್ತೀನಿ" ಎಂದರು.

ನೀಲಮ್ಮ ಗಂಡನ ಮುಖ ನೋಡಿದಳು. ಇಷ್ಟು ವರ್ಷದ ಸಂಸಾರದಲ್ಲಿ ಅವಳು ಬಾಯಿ ತೆರೆಯುವ ಮೊದಲೇ ಅವರು ಅವಳ ಮಾತು ಆಡಿದ್ದು ಅದೇ ಮೊದಲು.

ಬೆಳ್ಳಿಯೂ ಜೊತೆಗೆ ಬಂದ. ಇಳಿಯುವ ದಾರಿಯಲ್ಲಿ ಹೆತ್ತೆ ಮಂಚದ ಮೇಲೆ ಕಣ್ಣುಮುಚ್ಚಿ ಮಲಗಿದ್ದಳು. ಕೆಳಗೆ ದಫೇದಾರ ಅವಳ ಇಳಿಬಿದ್ದ ಕೈಗೆ ಮೂತಿ ಒತ್ತಿಕೊಂಡಿದ್ದ. ಗುಂಡ್ಲುಪೇಟೆಯ ಹತ್ತಿರ ನೆಲ ಸಪಾಟಾದಾಗ ಹೆತ್ತೆ ಎದ್ದು ಕಿಟಕಿಯ ಪರದೆ ಸರಿಸಿದಳು. ಬಹಳ ಹೊತ್ತು ನೋಡಿ, "ಇಲ್ಲಿ ಒಬ್ಬರು ಬರೋದು ಎಷ್ಟು ದೂರದಿಂದ ಕಾಣ್ತದೆ! ಎಂಗ ಹಿರಿಯರು ಎಲ್ಲಿ ಅಡಗಿಕೊಂಡು ಬಂದರೋ" ಎಂದಳು.

ಮೈಸೂರಿನಲ್ಲಿ ನೀಲಮ್ಮ ಅವಳಿಗೆ ಅರಮನೆ ತೋರಿಸಿದಳು, ಮಾರ್ಕೆಟ್ಟಿನ ಹೂವಿನ ಸಾಲು ತೋರಿಸಿದಳು. ಹೆತ್ತೆ ಅರಮನೆಯನ್ನು ಹೊರಗಿನಿಂದ ನೋಡಿ, ದೊರೆಗಳು ಅಂದರೆ ಹೀಗೇ ಎನ್ನುವಂತೆ ತಲೆಯಾಡಿಸಿದಳು. ಚಾಮುಂಡಿ ಬೆಟ್ಟಕ್ಕೆ ಕರೆದೊಯ್ದಾಗ, "ಇದನ್ನ ಬೆಟ್ಟ ಅಂತೀರಾ?" ಎಂದು ಬಾಯಿಗೆ ಬಟ್ಟೆ ಹಿಡಿದು ನಕ್ಕಳು. ಆದರೆ ಅಲ್ಲಿಂದ ದಕ್ಷಿಣದ ನೀಲಿ ಗೆರೆಯನ್ನು ನೀಲಮ್ಮ ತೋರಿಸಿದಾಗ ನಗು ನಿಂತಿತು. ತನ್ನ ಮನೆ, ಎಮ್ಮೆ, ಹೊಲ, ಮಗನ ಮಕ್ಕಳು ಎಲ್ಲವೂ ಆ ಬೆರಳುದ್ದದ ಗೆರೆಯೊಳಗೆ ಇದೆ ಎಂಬುದನ್ನು ನಂಬಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು.

ಹೋದಲ್ಲೆಲ್ಲ ಅವಳದು ಒಂದೇ ಪ್ರಶ್ನೆ. ಹೂವಾಡಗಿತ್ತಿಯನ್ನು ಕೇಳಿದಳು, ಜಟಕಾ ಓಡಿಸುವವನನ್ನು ಕೇಳಿದಳು: ಹಿಂದೆ ಅಣ್ಣತಮ್ಮಂದಿರು ತಂಗಿಯನ್ನು ಕರೆದುಕೊಂಡು ಈ ಸೀಮೆ ಬಿಟ್ಟು ಹೋದರಲ್ಲ, ಗೊತ್ತುಂಟಾ? ಯಾರಿಗೂ ಗೊತ್ತಿರಲಿಲ್ಲ. ನೀಲಮ್ಮ ಅವಳನ್ನು ಮಠಕ್ಕೆ ಕರೆದೊಯ್ದಳು. ಅಲ್ಲಿ ಬಹಳ ವಯಸ್ಸಾಗಿದ್ದ ಕರಿಬಸವಯ್ಯ ಎಂಬವರು ಕಣ್ಣುಮುಚ್ಚಿ ಪೂರ್ತಿ ಕೇಳಿಸಿಕೊಂಡರು.

"ನಮ್ಮಲ್ಲಿ ಇಂಥ ಕಥೆ ಕೇಳಿಲ್ಲ ತಾಯಿ," ಎಂದರು. "ಹೋದವರು ಕಥೆ ಕಟ್ಕೊಂಡು ಹೋಗ್ತಾರೆ. ಇದ್ದವರು ಮಾರನೇ ದಿನದ ಕೆಲಸ ನೋಡ್ಕೋತಾರೆ."

ಹೆತ್ತೆ ಮನೆಗೆ ಬಂದು ಜಗಲಿಯಲ್ಲಿ ಕೂತು, "ಎಂಗ ಇಷ್ಟು ಕಾಲದಿಂದ ನಿಂಗಳನ್ನ ನೆನೆಸಿಕೊಂಡೇ ಇದ್ದೇವೆ. ನಿಂಗಳಿಗೆ ಎಂಗ ಹೋದದ್ದೇ ತಿಳಿಯಲಿಲ್ಲ" ಎಂದಳು. ಕೋಪವಿರಲಿಲ್ಲ ಆ ಮಾತಿನಲ್ಲಿ. ಅದಕ್ಕೇ ನೀಲಮ್ಮನಿಗೆ ಹೆಚ್ಚು ಸಂಕಟವಾಯಿತು. ಅಷ್ಟು ದೂರ ಕರೆತಂದು ಬರಿಗೈಯಲ್ಲಿ ಕಳಿಸುವ ಹಾಗಾಯಿತಲ್ಲ ಎಂದು ಅವಳು ಕಂಬ ಹಿಡಿದು ನಿಂತಳು.

ಅಷ್ಟರಲ್ಲಿ ಮೊರದಲ್ಲಿ ಅವರೆಕಾಯಿ ಹಿಡಿದು ಪುಟ್ಟತಾಯಮ್ಮ ಬಂದರು. ಗುಂಡ್ಲುಪೇಟೆ ಕಡೆಯ ಒಕ್ಕಲು ಮನೆತನದವರು, ಮಾತಿಗೆ ಮಾತು ಸೇರಿಸದೆ ಇರುವವರಲ್ಲ. "ಏನಂತೆ ಈ ಅವ್ವಂದು?" ಎಂದು ಕೇಳಿ, ಅಲ್ಲೇ ಕೂತು ಕಾಯಿ ಬಿಡಿಸತೊಡಗಿದರು. ಹೆತ್ತೆ ಮತ್ತೊಮ್ಮೆ ಕಥೆ ಹೇಳಿದಳು. ಹಾಲಿನ ಮಾತು ಬಂದಾಗ ಪುಟ್ಟತಾಯಮ್ಮನವರ ಕೈ ನಿಂತಿತು.

"ಅಯ್ಯೋ, ಪಕ್ಕದ ಮನೆಯೋಳು ಇಳಿಸಿರ್ತಾಳೆ ಕಣವ್ವ," ಎಂದರು, ಇದರಲ್ಲೇನು ಕೇಳುವುದಿದೆ ಎಂಬಂತೆ. "ಹಾಲು ಉಕ್ಕಿ ಒಲೆಗೆ ಬಿದ್ದ ವಾಸ್ನೆ ಬಂದ್ರೆ ಯಾರು ಸುಮ್ಕಿರ್ತಾರೆ? ಓಡ್ಬಂದಿರ್ತಾಳೆ. ಬಂದು ನೋಡುದ್ರೆ ಯಾರೂ ಇಲ್ಲ. ಅವಳಿಗೆ ಅಷ್ಟೂ ಗೊತ್ತಾಗಕ್ಕಿಲ್ವಾ? ದೀಪಕ್ಕೆ ಇನ್ನೊಸಿ ಎಣ್ಣೆ ಉಯ್ದು, ಬಾಗ್ಲು ಎಳ್ಕಂಡು ಬಂದ್ಬುಟ್ಟಿರ್ತಾಳೆ. ದೊರೆ ಕಡೆಯೋರು ಬಂದು ಕೇಳುದ್ರೆ, ಒಳಗವ್ರೆ, ಉಣ್ತಾವ್ರೆ ಅಂದಿರ್ತಾಳೆ."

ಹೆತ್ತೆ ಪುಟ್ಟತಾಯಮ್ಮನವರನ್ನೇ ದಿಟ್ಟಿಸುತ್ತಿದ್ದಳು. ಆಮೇಲೆ ಮೆಲ್ಲಗೆ, "ಎಣ್ಣೆ ಹಾಕಿದಳಾ?" ಎಂದಳು.

"ಮತ್ತೆ? ನಾನಾಗಿದ್ರೆ ಹಾಕ್ತಿದ್ದೆ."

ಹೆತ್ತೆ ಕೈ ಚಾಚಿ ಅವರ ತಲೆಯ ಮೇಲಿಟ್ಟಳು. ಬಾಯಲ್ಲಿ ಏನೋ ಹೇಳಿಕೊಂಡಳು, ಕಣ್ಣಲ್ಲಿ ನೀರು. ಏನೂ ಅರ್ಥವಾಗದ ಪುಟ್ಟತಾಯಮ್ಮ ತಲೆ ಬಗ್ಗಿಸಿಕೊಂಡೇ ನೀಲಮ್ಮನ ಕಡೆ ಓರೆಗಣ್ಣಿನಲ್ಲಿ ನೋಡಿದರು. ಆ ಸಂಜೆ ಮೂವರೂ ಸೇರಿ ಅವರೆಕಾಳಿನ ಸಾರು ಮಾಡಿದರು. ಬೆಳ್ಳಿ ಶೆಡ್ಡಿನಲ್ಲಿ ಬಸ್ಸಿನ ಅಸ್ಥಿಪಂಜರ ನೋಡಿ ಬಂದು, ಹೊಟ್ಟೆ ತೊಳಸುವ ಯಂತ್ರದ ಒಳಗೆ ಬರೀ ಮರ ಇದೆ ಎಂದು ತಾಯಿಗೆ ವರದಿ ಒಪ್ಪಿಸಿದ.

ಹೆತ್ತೆಯನ್ನು ಬೆಟ್ಟಕ್ಕೆ ಬಿಡಲು ಗಂಡ ಹೆಂಡತಿ ಮತ್ತೆ ಹೋದರು. ಹಟ್ಟಿಗೆ ಹಟ್ಟಿಯೇ ಅಂಗಳದಲ್ಲಿ ಸೇರಿತ್ತು. ಹೆತ್ತೆ ನಡುವೆ ಕೂತು ಮೈಸೂರು ಹೇಗಿದೆ ಎಂದು ಹೇಳತೊಡಗಿದಳು. ಅಲ್ಲಿ ಕಬ್ಬಿಣದ ಕಿವಿ ಹಿಂಡಿದರೆ ನೀರು ಬರುತ್ತದೆ. ರಸ್ತೆಯಲ್ಲಿ ಎದುರಾದವರು ನೀನು ಯಾವ ಹಟ್ಟಿ ಎಂದು ಕೇಳುವುದಿಲ್ಲ. ಹೂವನ್ನು ಮೊಳ ಹಾಕಿ ಅಳೆದು ಮಾರುತ್ತಾರೆ. ನೀಲಮ್ಮ ಎಲ್ಲರ ಹಿಂದೆ ಹುಲ್ಲಿನ ಮೇಲೆ ಕೂತು, ತಾನು ಕಾಣದ ಯಾವುದೋ ಊರಿನ ಸುದ್ದಿಯೆಂಬಂತೆ ಕೇಳುತ್ತಿದ್ದಳು. ಪಕ್ಕದಲ್ಲಿ ಸದಾಶಿವಯ್ಯನವರು ದಫೇದಾರನ ಕೊರಳು ಹಿಡಿದುಕೊಂಡಿದ್ದರು. ಎಮ್ಮೆಗಳು ಹತ್ತಿರವೇ ಇದ್ದವು.

ಕೊನೆಗೆ ಹೆತ್ತೆ ಹಿರಿಯರ ಕಥೆಗೆ ಬಂದಳು. ಎಲ್ಲರಿಗೂ ಬಾಯಿಪಾಠವಾದ ಕಥೆ. ದೀಪ ಹಚ್ಚಿಟ್ಟರು, ಹಾಲಿಟ್ಟರು, ಹಿತ್ತಿಲಿನಿಂದ ಹೊರಟರು. ಅಲ್ಲಿ ನಿಲ್ಲಿಸಿ ಉಸಿರೆಳೆದುಕೊಂಡಳು. "ಪಕ್ಕದ ಮನೆಯಲ್ಲಿ ಪುಟ್ಟತಾಯಿ ಎಂಬವಳಿದ್ದಳು" ಎಂದಳು.

ಜನ ಮುಂದಕ್ಕೆ ಸರಿದರು. ಹಾಲು ಇಳಿಯಿತು, ದೀಪಕ್ಕೆ ಎಣ್ಣೆ ಬಿತ್ತು, ದೊರೆಯ ಆಳುಗಳು ಬಾಗಿಲಿನಿಂದ ವಾಪಸ್ಸಾದರು. ಆಗ ಮಗು ಎತ್ತಿಕೊಂಡಿದ್ದ ಒಬ್ಬ ಹೆಂಗಸು, ಸುಳ್ಳು ಹೇಳಿದ್ದಕ್ಕೆ ಆಮೇಲೆ ದೊರೆ ಆ ಪುಟ್ಟತಾಯಿಯನ್ನು ಏನು ಮಾಡಿದ ಎಂದು ಕೇಳಿದಳು. ಹೆತ್ತೆ ನೀಲಮ್ಮನ ಕಡೆ ಕೈ ತೋರಿಸಿದಳು.

ಎಲ್ಲರೂ ತಿರುಗಿ ನೋಡಿದರು. ನೀಲಮ್ಮ ಗಂಡನ ಕಡೆ ನೋಡಿದಳು. ಅವರು ಮೀಸೆಯಡಿ ನಗುತ್ತ ನೆಲ ನೋಡುತ್ತಿದ್ದರು. ಅವಳು ಸೆರಗು ಸರಿಮಾಡಿಕೊಂಡು ಎದ್ದು, ಜನರ ನಡುವೆ ಜಾಗ ಮಾಡಿಕೊಂಡು ಹೋಗಿ ಹೆತ್ತೆಯ ಪಕ್ಕ ಕೂತಳು.

"ಏನೂ ಮಾಡಕ್ಕಾಗ್ಲಿಲ್ಲ," ಎಂದು ಶುರುಮಾಡಿದಳು. "ಯಾಕಂದ್ರೆ ಆ ಬೀದಿಯೋರೆಲ್ಲ ಒಂದೇ ಮಾತು ಹೇಳಿದ್ರು."