ಕಂಚಗಾರ ಗಲ್ಲಿಯ ಮಾತು ಕಲಿತ ಫೋನು

ನಾನು ಒಂದು ಮೊಬೈಲ್ ಫೋನು. ಹುಟ್ಟಿದ್ದು ಕಾರ್ಖಾನೆಯೊಂದರ ಬಿಳಿ ಬೆಳಕಿನಲ್ಲಿ, ಕೈಗವಸು ತೊಟ್ಟ ಬೆರಳುಗಳ ನಡುವೆ. ಅಲ್ಲಿಯ ಒಂದು ಮುಖವೂ ನೆನಪಿಲ್ಲ. ಮೊದಲು ನನ್ನನ್ನು ಕೊಂಡವರು ಔಷಧ ಮಾರುವ ಪ್ರತಿನಿಧಿಯೊಬ್ಬರು. ಮೂರು ವರ್ಷ ಅವರ ಅಂಗಿಯ ಜೇಬಿನಲ್ಲಿ ಊರೂರು ತಿರುಗಿದೆ. ಆಮೇಲೆ ನನ್ನನ್ನು ಮಾಡಿದವರು ಹೊಸ ಸಾಫ್ಟ್‌ವೇರ್ ಕಳಿಸುವುದನ್ನು ನಿಲ್ಲಿಸಿದರು. ನಾನು ತಡವರಿಸತೊಡಗಿದೆ. ಯಜಮಾನರು ನನ್ನನ್ನು ಹುಬ್ಬಳ್ಳಿಯ ಇಮ್ತಿಯಾಜ್ ಸಾಹೇಬರ ಸೆಕೆಂಡ್ ಹ್ಯಾಂಡ್ ಅಂಗಡಿಗೆ ಕೊಟ್ಟು ಹೋದರು.

ಅಲ್ಲಿಗೆ ಒಂದು ದಿನ ದಾಕ್ಷಾಯಣಿ ಬಂದಳು. ಗ್ರಂಥಾಲಯವೊಂದರಲ್ಲಿ ಸಹಾಯಕಿ, ಕೈಯಲ್ಲೊಂದು ಚೀಟಿ. ಸಾಹೇಬರು ಹೊಳೆಯುವ ಫೋನುಗಳನ್ನೆಲ್ಲ ಮುಂದಿಟ್ಟರು. ಅವಳು ಒಂದೊಂದರ ಹೆಸರನ್ನೂ ಚೀಟಿಯಲ್ಲಿ ಹುಡುಕಿ ಪಕ್ಕಕ್ಕೆ ಸರಿಸಿದಳು.

“ಕ್ಯಾಮೆರಾ ಎಷ್ಟ್ ಅದಾವ ಅಂತ ಎಲ್ಲಾರೂ ಕೇಳ್ತಾರ್ರಿ ಅಕ್ಕಾರ. ನೀವು ಏನ್ ಹುಡುಕಾಕತ್ತೀರಿ?” ಎಂದರು ಸಾಹೇಬರು.

“ಕಂಪನಿ ಹಾಕಿದ ಬೀಗ ತಗದು ನಮಗ ಬೇಕಾದ ಸಾಫ್ಟ್‌ವೇರ್ ಹಾಕಾಕ ಬರಬೇಕ್ರಿ. ಅಪ್ಪನ ಸಲುವಾಗಿ.”

ಅವಳ ಅಪ್ಪ ಬಸಲಿಂಗಪ್ಪ ಕಂಚಗಾರ ಗಲ್ಲಿಯಲ್ಲಿ ನಲವತ್ತು ವರ್ಷ ತಾಮ್ರದ ಕೊಡ ಬಡಿದವರು. ಆ ಸುತ್ತಿಗೆಯ ಸದ್ದೇ ಅವರ ಕಿವಿಯನ್ನು ತಿಂದಿತ್ತು. ಕಿವಿಯ ಯಂತ್ರವೂ ಕೆಲಸಕ್ಕೆ ಬರಲಿಲ್ಲ. ಆಡಿದ ಮಾತನ್ನು ಅಕ್ಷರವಾಗಿ ತೋರಿಸುವ ಮುಕ್ತ ಸಾಫ್ಟ್‌ವೇರ್ ಒಂದಿದೆ, ಅದನ್ನು ಯಾರು ಬೇಕಾದರೂ ಬಿಚ್ಚಿ ನೋಡಿ ತಿದ್ದಬಹುದು ಎಂದು ದಾಕ್ಷಾಯಣಿ ಓದಿದ್ದಳು. ದುಬಾರಿ ಫೋನು ಅವಳ ಕೈಗೆಟುಕುವಂತಿರಲಿಲ್ಲ. ಅಗ್ಗವಾಗಿ ಸಿಗುವ, ಬೀಗ ತೆಗೆಯಲು ಬರುವ ಹಳೆಯ ಫೋನುಗಳನ್ನು ಆ ಚೀಟಿಯಲ್ಲಿ ಬರೆದುಕೊಂಡಿದ್ದಳು. ಮೂರನೆಯ ಹೆಸರು ನನ್ನದು.

ಮೊದಲ ಭಾನುವಾರ ಬೀಗ ತೆಗೆಯುವಾಗ ಅವಳು ಏನೋ ತಪ್ಪು ಮಾಡಿದ್ದರಿಂದ ನಾನು ಕಪ್ಪಾಗಿ ಕೂತುಬಿಟ್ಟೆ. ಅವಳ ಕಣ್ಣಲ್ಲಿ ನೀರು ಬಂತು. ಮರುವಾರ ಸೂಚನೆಗಳನ್ನು ಬೆರಳಿಟ್ಟು ಓದುತ್ತಾ ಮತ್ತೆ ಮಾಡಿದಳು. ಎದ್ದೆ. ಹೊಸದಾಗಿ ಹುಟ್ಟಿದಂತಿತ್ತು.

ಆದರೆ ನಾನು ಕಲಿತು ಬಂದದ್ದು ಪುಸ್ತಕದ ಕನ್ನಡ. ಅವಳ ತಾಯಿ ನೀಲವ್ವ ಗಂಡನಿಗೆ, “ಚಾ ಕುಡೀತೀರೇನ್ರಿ?” ಎಂದು ಕೇಳಿದರೆ ನಾನು ‘ಚಾಕು ಹಿಡಿಯುತ್ತೀರೇನು?’ ಎಂದು ಬರೆದೆ. ಬಸಲಿಂಗಪ್ಪ ಬೆಚ್ಚಿ ಹೆಂಡತಿಯ ಮುಖ ನೋಡಿದರು. ಆಮೇಲೆ ನನ್ನನ್ನು ಆಚೆ ತಳ್ಳಿ, “ಇದೂ ನನ್ನಂಗ ಕಿವುಡೈತಿ” ಎಂದರು.

ಬೀಗ ಹಾಕಿದ ಸಾಫ್ಟ್‌ವೇರ್ ಆಗಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಇದು ಮುಕ್ತವಾದ್ದರಿಂದ ದಾಕ್ಷಾಯಣಿ ಇದನ್ನು ಮಾಡಿದವರಿಗೆ ಬರೆದಳು. ಅವರು ನಿಮ್ಮ ಕಡೆಯ ಮಾತನ್ನು ಕಳಿಸಿ ಎಂದರು. ನನ್ನನ್ನು ಹಿಡಿದು ಅವಳು ಗಲ್ಲಿಯೆಲ್ಲ ಅಡ್ಡಾಡಿದಳು. ಮೆಣಸಿನಕಾಯಿ ಚೌಕಾಸಿ, ನಲ್ಲಿಯ ಜಗಳ, ಸೋದರತ್ತೆಯರ ಚಾಡಿ, ಎಲ್ಲವನ್ನೂ ಹೇಳಿದವರ ಒಪ್ಪಿಗೆಯಿಂದಲೇ ತುಂಬಿಕೊಂಡೆ. ನೀಲವ್ವನೊಬ್ಬರದೇ ಆರುನೂರು ವಾಕ್ಯ. ಅದನ್ನೆಲ್ಲ ಕಳಿಸಿದ ಏಳು ತಿಂಗಳ ನಂತರ ತಿದ್ದಿದ ಸಾಫ್ಟ್‌ವೇರ್ ಬಂತು.

ಮರುದಿನ ಬೆಳಿಗ್ಗೆ ನೀಲವ್ವ ಬೆನ್ನು ತಿರುಗಿಸಿ ರೊಟ್ಟಿ ಬಡಿಯುತ್ತಾ ಎಂದಿನಂತೆ ತಮ್ಮಷ್ಟಕ್ಕೆ ಗೊಣಗಿದರು: “ನಾ ಮಾತಾಡೋದು ಗ್ವಾಡಿಗೆ ಹೇಳಿದಂಗ. ಇವರ ಜೋಡಿ ಮಾತಾಡಿ ಹನ್ನೆರಡು ವರ್ಷ ಆತು.”

ಬಸಲಿಂಗಪ್ಪನವರ ಮುಂದಿದ್ದ ನಾನು ಒಂದಕ್ಷರವೂ ತಪ್ಪದೆ ಬರೆದೆ. ಬಸಲಿಂಗಪ್ಪ ಓದಿದರು. ಮತ್ತೊಮ್ಮೆ ಓದಿದರು. ಆಮೇಲೆ, ತಮ್ಮ ದನಿ ಎಷ್ಟು ಜೋರೆಂದು ಅರಿಯದ ಅವರು, ಓಣಿಗೆಲ್ಲ ಕೇಳುವಂತೆ ಹೇಳಿದರು: “ಈಗ ಮಾತಾಡು ನೀಲಾ. ನಾ ಓದಾಕತ್ತೀನಿ.”

ಹಂಚಿನ ಮೇಲಿನ ರೊಟ್ಟಿ ಸೀದು ಕರಕಾಯಿತು. ಯಾರೂ ಎತ್ತಲಿಲ್ಲ.

ಈಗ ನನಗೆ ವಯಸ್ಸಾಗಿದೆ. ಬ್ಯಾಟರಿ ಅರ್ಧ ಗಂಟೆಯೂ ತಡೆಯುವುದಿಲ್ಲ. ಬಸಲಿಂಗಪ್ಪನವರ ಜೇಬಿಗೆ ಬೇರೊಂದು ಫೋನು ಬಂದಿದೆ. ನಾನು ಕಲಿತದ್ದೆಲ್ಲ ಅದಕ್ಕೂ ಬರುತ್ತದೆ, ಅದಕ್ಕಾಗಿ ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಸಾಫ್ಟ್‌ವೇರ್ ತಿದ್ದಿ ನನಗೆ ಈ ಮಾತು ಕಲಿಸಿದವರ ಮುಖ ನಾನು ನೋಡಿಲ್ಲ. ಅವರಿಗೂ, ಅಷ್ಟು ಫೋನುಗಳ ನಡುವೆ ನನ್ನನ್ನು ಆರಿಸಿಕೊಂಡವಳಿಗೂ ನಾನು ಋಣಿ.

ನನ್ನ ಜಾಗ ಅಡುಗೆಮನೆಯ ಗೋಡೆಯ ಮಾಡದಲ್ಲಿ, ಚಾರ್ಜರಿನ ಜೊತೆ. ಬಸಲಿಂಗಪ್ಪ ಹೊರಗೆ ಹೋದಾಗ ನೀಲವ್ವ ಗೊಣಗುತ್ತಲೇ ಇರುತ್ತಾರೆ. ನಾನು ಬರೆಯುತ್ತಲೇ ಇರುತ್ತೇನೆ. ಅವರು ಮನೆಗೆ ಬಂದು ಚಪ್ಪಲಿ ಬಿಟ್ಟು, ನೇರ ನನ್ನ ಬಳಿ ನಿಂತು, ತಾವಿಲ್ಲದಾಗಿನ ಮಾತನ್ನೆಲ್ಲ ಮೊದಲಿನಿಂದ ಓದುತ್ತಾರೆ.

ನೀಲವ್ವನಿಗೆ ಅದು ಗೊತ್ತಿದೆ. ಗೊತ್ತಿದ್ದೇ ಗೊಣಗುತ್ತಾರೆ.