ನಾರಿನಲ್ಲಿ ಕಟ್ಟಿದ ನಂದಿ

ಯಾವ ವಸ್ತುವನ್ನೇ ಕೈಗೆ ಕೊಡಿ, ಹುಲಿಕೆರೆಯ ತಮ್ಮಯ್ಯನವರು ಮೊದಲು ಅದನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸುತ್ತಾರೆ. ಮದುವೆಯ ಉಡುಗೊರೆಯಾಗಲಿ, ಮಾತ್ರೆಯ ಡಬ್ಬಿಯಾಗಲಿ, ಒಳಗೆ ಲೊಟಲೊಟ ಸದ್ದಾದರೆ ಮುಖ ಹುಳ್ಳಗಾಗುತ್ತದೆ. ಸದ್ದಿಲ್ಲದಿದ್ದರೆ ಕಟ್ಟಿದವನಿಗೆ ಮನಸ್ಸಿನಲ್ಲೇ ಒಂದು ನಮಸ್ಕಾರ ಸಲ್ಲುತ್ತದೆ. ಅರಸೀಕೆರೆ ಜಂಕ್ಷನ್ನಿನಲ್ಲಿ ಮೂವತ್ತು ವರ್ಷ ಪಾರ್ಸೆಲ್ ಹೊತ್ತವರು ಅವರು. ‘ಜೋಪಾನ’ ಎಂದು ಕೆಂಪಕ್ಷರದಲ್ಲಿ ಬರೆದ ಪೆಟ್ಟಿಗೆಯನ್ನೂ ರೈಲು ಹೊರಡುವ ಗಡಿಬಿಡಿಯಲ್ಲಿ ಹೇಗೆ ಎಸೆಯುತ್ತಾರೆಂದು ಕಂಡವರು, ಸತ್ಯ ಹೇಳಬೇಕೆಂದರೆ ಕೆಲವೊಮ್ಮೆ ತಾವೇ ಎಸೆದವರು. ಈಗಲೂ ಎದೆಯ ಮುಂದೆ ಪೆಟ್ಟಿಗೆಯೊಂದನ್ನು ಅಪ್ಪಿಕೊಂಡವರ ಹಾಗೆ ತುಸು ಹಿಂದಕ್ಕೆ ವಾಲಿಯೇ ನಡೆಯುತ್ತಾರೆ. ಆ ಕಾಲದ ಖಾಕಿ ಕೋಟಿನ ಜೇಬುಗಳು, ಬಿಚ್ಚಿ ಸುತ್ತಿಟ್ಟ ಹುರಿಯ ತುಂಡುಗಳಿಂದ ಸದಾ ಉಬ್ಬಿರುತ್ತವೆ.

ಹಳೇಬೀಡಿನಲ್ಲಿ ಅವರ ಅಣ್ಣನ ಮಗಳು ಆಶಾರಾಣಿ ಬಳಪದ ಕಲ್ಲಿನ ಮೂರ್ತಿಗಳ ಅಂಗಡಿ ನಡೆಸುತ್ತಾರೆ. ಪರವೂರಿಗೆ ಹೋಗುವ ಮೂರ್ತಿಗಳನ್ನು ಕಟ್ಟುವ ಕೆಲಸ ತಮ್ಮಯ್ಯನವರದು. ಮೊದಮೊದಲು ಅವರೂ ಥರ್ಮಾಕೋಲನ್ನೇ ತುಂಬುತ್ತಿದ್ದರು, ಮಿಕ್ಕ ಚೂರುಗಳನ್ನು ಮನೆಯ ಹಿತ್ತಲಿಗೆ ಸುರಿಯುತ್ತಿದ್ದರು. ಒಂದು ಆಷಾಢದ ಗಾಳಿಗೆ ಅದೆಲ್ಲ ಹಾರಿ ಊರಿನ ಕಲ್ಯಾಣಿಗೆ ಬಿತ್ತು. ಮೆಟ್ಟಿಲು ಮೆಟ್ಟಿಲಿಗೂ ಬಿಳಿಯ ಕಾಳು, ನೀರಿನ ಮೇಲೆ ಬಿಳಿಯ ಕಾಳು. ಹಳೆಯ ಸೊಳ್ಳೆಪರದೆ ಹಿಡಿದು ಮೂರು ದಿನ ಸೋಸಿದರು, ಸೋಸಿದಷ್ಟೂ ಉಳಿಯಿತು. ಊರಿನವರು ಯಾರೂ ಬೈಯಲಿಲ್ಲ, ಅದೇ ಅವರಿಗೆ ಹೆಚ್ಚು ನೋವು ತಂದದ್ದು. ಅಂದಿನಿಂದ ತೆಂಗಿನ ನಾರು, ಹಳೆಯ ಗೋಣಿ, ರಟ್ಟು, ಹುರಿ, ಇಷ್ಟರಲ್ಲೇ ಅವರ ಕೆಲಸ.

“ಕಟ್ಟೋದು ಯಾಕವ್ವ? ದಾರೀಲಿ ಏಟು ಬೀಳ್ದಂಗಿರ್ಲಿ ಅಂತ. ದಾರಿ ಎಲ್ಡೇ ದಿನ ಐತೆ. ಅದ್ಕೆ ನೂರಾರು ವರ್ಸ ಕೊಳೀದಿರೋ ಸಾಮಾನು ಯಾಕೆ?” ಎಂದು ಆಶಾರಾಣಿಯವರನ್ನು ಕೇಳುತ್ತಿದ್ದರು.

ಕಳೆದ ಶ್ರಾವಣದಲ್ಲಿ ಮೈಸೂರಿನಲ್ಲಿ ಅಂಗಡಿ ಇಟ್ಟಿರುವ ಮಂಜುಳಾ ಎಂಬುವವರು ಆರು ನಂದಿಗಳನ್ನು ಕೇಳಿದರು. ಚೆನ್ನಾಗಿ ಬಂದು ತಲುಪಿದರೆ ತಿಂಗಳು ತಿಂಗಳೂ ಬೇಕೆಂದರು. ಆಶಾರಾಣಿ ಮೆಲ್ಲಗೆ ಮಾತು ತೆಗೆದರು. “ಚಿಕ್ಕಪ್ಪ, ಇದೊಂದು ಸಲ ನಿಮ್ಮ ನಾರು. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಥರ್ಮಾಕೋಲೇ ತರಿಸ್ತೀನಿ. ಬೇಜಾರು ಮಾಡ್ಕೋಬಾರ್ದು.”

ಎಂಟು ದಿನದಿಂದ ಬಿಡದ ಜಡಿಮಳೆ. ಒಣಗಿದ ನಾರು ಮುಗಿದಿತ್ತು. ತಮ್ಮಯ್ಯನವರು ಇದ್ದ ಹಸಿ ನಾರನ್ನೇ ಹಿಂಜಿ, ನಂದಿಗಳ ಕೊಂಬು ಕಿವಿಗಳ ಸಂದಿಗೆಲ್ಲ ತುರುಕಿ, ಬಿಗಿದು ಕಟ್ಟಿ, ಪೆಟ್ಟಿಗೆಯನ್ನು ಕಿವಿಯ ಬಳಿ ಅಲ್ಲಾಡಿಸಿದರು. ಸದ್ದೇ ಇಲ್ಲ. ಗೆದ್ದೆ ಎಂದುಕೊಂಡು ಕಳಿಸಿದರು.

ನಾಲ್ಕನೆಯ ದಿನ ಮಂಜುಳಾ ಅವರ ಫೋನು ಬಂತು. “ಒಂದೂ ಮುಕ್ಕಾಗಿಲ್ಲ. ಆದ್ರೆ ನಿಮ್ಮ ನಂದಿಗಳೆಲ್ಲ ಟೀಯಲ್ಲಿ ಅದ್ದಿ ತೆಗೆದ ಹಾಗಿವೆಯಲ್ಲ!”

ಹಸಿ ನಾರು ಕಂದು ರಸ ಬಿಡುವುದು ತೆಂಗಿನ ಸೀಮೆಯಲ್ಲಿ ಯಾರಿಗೆ ಗೊತ್ತಿಲ್ಲ? ಗೊತ್ತಿದ್ದೂ, ತಮ್ಮಯ್ಯನವರು ಸದ್ದಿಗೇ ಕಿವಿಗೊಟ್ಟು ಬಣ್ಣವನ್ನು ಮರೆತಿದ್ದರು. ಅವರು ಸಬೂಬು ಹುಡುಕಲಿಲ್ಲ. “ತಪ್ಪು ನಾರಿಂದಲ್ಲ ಮಗಾ, ನಂದು. ಮೈಸೂರಿಗೆ ಹೋಗ್ಬತ್ತೀನಿ” ಎಂದು ಆಶಾರಾಣಿಯವರಿಗೆ ಹೇಳಿ, ಅದೇ ಕೋಟು ತೊಟ್ಟು, ನುಣುಪು ಎಮರಿ ಕಾಗದ ಹಿಡಿದು ಬಸ್ಸು ಹತ್ತಿದರು.

ಆ ಅಂಗಡಿಯ ಜಗುಲಿಯ ಮೇಲೆ ಕೂತು, ನೀರು ಚಿಮುಕಿಸಿ ಚಿಮುಕಿಸಿ, ಒಂದೊಂದೇ ನಂದಿಯನ್ನು ಉಜ್ಜಿದರು. ಬೆಳಿಗ್ಗೆ ಮುಖ ಬಿಗಿದುಕೊಂಡಿದ್ದ ಮಂಜುಳಾ ಮಧ್ಯಾಹ್ನದ ಹೊತ್ತಿಗೆ ತಾವೇ ಕಾಫಿ ತಂದುಕೊಟ್ಟರು. ಸಂಜೆ ಆರನೆಯ ನಂದಿಯೂ ತನ್ನ ಬೂದುಬಣ್ಣಕ್ಕೆ ಮರಳಿದಾಗ ತಮ್ಮಯ್ಯನವರು ಸಂಕೋಚದಿಂದ ಕೇಳಿದರು: “ಆ ನಾರು ಕೊಡಿ ತಾಯಿ, ವಾಪಸ್ ತಕ್ಕೊಂಡೋಯ್ತೀನಿ. ನಿಮ್ಗೆ ಕಸ ಆಯ್ತದೆ.”

“ಕಸ ಎಲ್ಲಿ ಬಂತು? ಆಗಲೇ ಕುಂಡಗಳಿಗೆ ಹಾಕಿಬಿಟ್ಟೆ. ಮುಂದಿನ ಸಲಾನೂ ನಾರಲ್ಲೇ ಕಳಿಸಿ ಯಜಮಾನ್ರೇ. ಒಣಗಿಸಿ ಕಳಿಸಿ, ಅಷ್ಟೇ.”

ತಮ್ಮಯ್ಯನವರು ಬಗ್ಗಿ ನೋಡಿದರು. ಕರಿಬೇವಿನ ಗಿಡದ ಬುಡದಲ್ಲಿ ತಾವು ಹಿಂಜಿದ ನಾರು ಬೆಚ್ಚಗೆ ಹರಡಿಕೊಂಡಿತ್ತು. ಕಲ್ಯಾಣಿ ಸೋಸಿದ ಮೇಲೆ ಅಷ್ಟು ಹಗುರವಾಗಿ ಅವರು ಉಸಿರಾಡಿದ್ದು ಅಂದೇ ಇರಬೇಕು.

ಈಗ ನಾರನ್ನು ಬಿಳಿಯ ಟವೆಲಿನಲ್ಲಿ ಹಿಂಡಿ, ಕಲೆ ಬೀಳಲಿಲ್ಲವೆಂದು ಖಾತ್ರಿಯಾದ ಮೇಲೆಯೇ ಕಟ್ಟಲು ಕೂರುತ್ತಾರೆ. “ನಂದಿಗೆ ಕಲೆ ಆಗ್ಬಾರ್ದು, ಟವೆಲ್ ಒಗ್ದೂ ಒಗ್ದೂ ನನ್ ಕೈ ಬಿದ್ದೋದ್ರೂ ಪರ್ವಾಗಿಲ್ಲ” ಎಂದು ಹೆಂಡತಿ ಮಾರಮ್ಮ ಗೊಣಗಿದರೆ ನಗುತ್ತಾರೆ. ಕಿವಿಯ ಪರೀಕ್ಷೆಯನ್ನಂತೂ ಬಿಟ್ಟಿಲ್ಲ.

ಶಿಲ್ಪಿಗಳು ತಮ್ಮ ಹೆಸರನ್ನೂ ಕಲ್ಲಿನಲ್ಲಿ ಕೊರೆದು ಹೋದ ಸೀಮೆ ಇದು. ಮೂರ್ತಿಯನ್ನು ಮಾಡುವವರಿಗೆ ಗುರುತು ಉಳಿಯಬೇಕೆಂಬ ಹಂಬಲ ಸಹಜವೇ. ಆದರೆ ಆ ಮೂರ್ತಿಯನ್ನು ಜೋಪಾನವಾಗಿ ಇನ್ನೊಬ್ಬರ ಕೈಗೆ ದಾಟಿಸುವ ಜನರ ಹಂಬಲ ಬೇರೆ: ತಲುಪಬೇಕಾದ್ದು ತಲುಪಿದ ಮೇಲೆ ತಮ್ಮ ಗುರುತು ಲೋಕದಲ್ಲಿ ಎಲ್ಲೂ ಉಳಿಯದಿರಲಿ ಎಂಬುದು. ಅಂಥವರ ಕೆಲಸ ಈ ಹೊತ್ತೂ ಯಾರದೋ ಮನೆಯ ಕರಿಬೇವಿನ ಬುಡದಲ್ಲಿ ಸದ್ದಿಲ್ಲದೆ ಮಣ್ಣಾಗುತ್ತಿರುತ್ತದೆ.